ಕಾನ್‌ಸ್ಟಾನ್ ತನಕ

ವಿದ್ ತಂದದ್ದು ಕಾಫಿಪುಡಿ ಡಬ್ಬಿಯಲ್ಲಿ.
ಜೋಳದ ಹೊಲದಲ್ಲಿ ನೇಗಿಲಿಗೆ ಸಿಕ್ಕಿ ಒಡೆದ ಕುಡಿಕೆ,
ಒಳಗೆ ಅರವತ್ತಮೂರು,
ಅಂಗಿಗುಂಡಿಯಷ್ಟು ಅಗಲ, ಬಣ್ಣ ಕೆಸರಿನದು.
ಟೋಪಿ ಮೊಣಕಾಲ ಮೇಲಿಟ್ಟು ಕೇಳಿದ:
"ಯಾರ ಮುಖ, ಯಗೋದಾ?"

ಸಿಸಾಕಿನ ಈ ನೆಲಮಾಳಿಗೆಯಲ್ಲಿ ನನ್ನ ಕೆಲಸ ಇಷ್ಟೇ,
ಕಿಲುಬಿಗೆ ಹೆಸರಿಡುವುದು.

ಮೊದಲು ನೀರು. ಬರೀ ನೀರು, ವಾರಗಟ್ಟಲೆ.
ಆಮೇಲೆ ಗುಲಾಬಿಯ ಮುಳ್ಳು;
ಉಕ್ಕಿನ ಸೂಜಿಗೆ ಅವಸರ ಜಾಸ್ತಿ.
ಹಸಿರೆಲ್ಲ ಒಂದೇ ಹಸಿರಲ್ಲ:
ಕಡುಹಸಿರು ನಾಣ್ಯದ ಚರ್ಮ, ಇರಲಿ ಬಿಡು,
ಬೆರಳಿಗೆ ಉದುರುವ ತಿಳಿಹಸಿರು ರೋಗ.
ದೀಪ ನೆತ್ತಿಯ ಮೇಲಿದ್ದರೆ ಏನೂ ಕಾಣದು.
ಮಗ್ಗುಲಿಗೆ ಇಳಿಸು,
ಉತ್ತ ಹೊಲಕ್ಕೆ ಸಂಜೆಬಿಸಿಲು ಬಿದ್ದ ಹಾಗೆ.
ಆಗ ಏಳುತ್ತವೆ ಸಾಲುಗಳು.

ಮುಖ ಆಮೇಲೆ. ಮೊದಲು ಬೆನ್ನು.
ಭರ್ಜಿ ಹಿಡಿದ ಇಬ್ಬರು ಸಿಪಾಯಿಗಳು.
ನಡುವೆ ಎರಡು ಬಾವುಟವಿದ್ದರೆ ಅಪ್ಪನಿದ್ದ ಕಾಲ,
ಒಂದೇ ಇದ್ದರೆ ಆಮೇಲಿನದು:
ತೂಕ ಇಳಿಸಿದರು, ಕಂಚು ಕಿರಿದಾಯಿತು,
ಜಾಗ ಸಾಲದೆ ಒಂದು ಬಾವುಟ ಮನೆಗೆ ಹೋಯಿತು.
ಸಿಪಾಯಿಗಳು ಮಾತ್ರ ನಿಂತಲ್ಲೇ ನಿಂತಿದ್ದಾರೆ,
ಸಂಬಳದ ಮಾತು ಎತ್ತಬೇಡ.

ಇದರಲ್ಲಿ ಒಂದೇ.

ಅವರ ಕಾಲಡಿಯ ಗೆರೆಯ ಕೆಳಗೆ ಟಂಕಸಾಲೆಯ ವಿಳಾಸ.
ಗಾಮಾ. ಎಸ್, ಐ, ಎಸ್.
ಸಿಸ್ಕಿಯಾ, ಮೂರನೆಯ ಕುಲುಮೆ.
ಅಂದರೆ ಇಲ್ಲೇ, ವಿದ್. ಟ್ರಾಕ್ಟರ್ ನಿಲ್ಲಿಸಿ ಬಂದೆಯಲ್ಲ,
ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ.
ಸಾವಿರದ ಆರುನೂರು ಚಿಲ್ಲರೆ ವರ್ಷದಲ್ಲಿ
ಕೂಪಾ ನದಿ ದಾಟಿ ನಿನ್ನ ಹೊಲದ ತನಕ
ಹನ್ನೊಂದು ಕಿಲೋಮೀಟರು ನಡೆದಿದೆ ಇದು.

ಈಗ ಮುಖ.
ಮುತ್ತಿನ ಪಟ್ಟಿ, ದೊಡ್ಡ ಕಣ್ಣು, ಎಲ್ಲರಿಗೂ ಇರುವಂಥದೇ.
ನಾನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು
ಅಂಚಿನ ಅಕ್ಷರ ಕಾಯುತ್ತೇನೆ.
ಸಿ, ಓ, ಎನ್, ಎಸ್, ಟಿ, ಎ, ಎನ್.
ಕಾನ್‌ಸ್ಟಾನ್ ತನಕ ದಾರಿ ಚೆನ್ನಾಗಿದೆ.
ಮುಂದೆ ಮಣ್ಣು.

'ಟೀನುಸ್' ಎಂದಿದ್ದರೆ ಹಿರಿಯ,
'ಟಿಯುಸ್' ನಡುವಿನವ,
ಬರೀ 'ಸ್' ಎಂದು ಮುಗಿದರೆ ಕಿರಿಯ.
ಅಪ್ಪನ ಹೆಸರೂ ಹಿರಿಯನದೇ, ಅದೊಂದು ಬೇರೆ ಗೋಳು.
ಅಚ್ಚು ಕೊರೆದವನು ಮೂವರಿಗೂ ಒಂದೇ ಮೂಗು ಕೊಟ್ಟ,
ಪಾಪ, ಅವನೆಲ್ಲಿ ಕಂಡಿದ್ದ ಅರಸರನ್ನು?
ರಾಜ್ಯ ಮೂರು ಪಾಲಾಯಿತು. ದಾಯಾದಿ ಜಗಳ.
ತಮ್ಮನ ಪಾಲಿಗೆ ದಂಡೆತ್ತಿ ಹೋದ ಹಿರಿಯ
ಹೋದಲ್ಲೇ ಸತ್ತ.
ಈಗ ನನ್ನ ಮೇಜಿನ ಮೇಲೆ ಅವರ ನಡುವೆ ಉಳಿದದ್ದು
ಎರಡು ಮೂರು ಅಕ್ಷರ,
ಅದನ್ನೂ ಸವೆಸಿದೆ ಯಾರದೋ ಹೆಬ್ಬೆರಳು,
ಬ್ರೆಡ್ಡು ಕೊಂಡವನದೋ, ಮಾರಿದವಳದೋ.

ವಿದ್ ನಕ್ಕ.
"ನಮ್ಮವ್ವನೂ ಹೀಗೇ. ವಿಲ್ಕೊ, ವಿಲಿಮ್, ಆಮೇಲೆ ನಾನು.
ಹಂದಿಗೆ ಮೇವು ಹಾಕೋಕೆ ಒಬ್ಬನನ್ನ ಕರೀಬೇಕು,
'ವಿಲ್... ವಿಲಿ... ವಿ...' ಅಂತ ಶುರು.
ತಿರುಗಿ ನೋಡಿದವನೇ ಮಗ."
ಟೋಪಿಯ ಅಂಚು ಸವರಿದ.
"ಕೊನೆಗೆ ಬರೀ 'ವಿ' ಉಳಿದಿತ್ತು ಅವಳ ಹತ್ರ.
ಮೂವರೂ ತಿರುಗ್ತಿದ್ವಿ."

ಮುಳ್ಳು ಕೆಳಗಿಟ್ಟೆ.
ಇನ್ನೊಂದು ಕೂದಲೆಳೆ ಕೆದಕಿದರೆ ಅಕ್ಷರ ಸಿಕ್ಕೀತು,
ಇಲ್ಲಾ ಅಕ್ಷರವಿದ್ದ ಜಾಗವೇ ಹೋದೀತು.
ಚೀಟಿಯಲ್ಲಿ ಬರೆದೆ: ಸಿಸ್ಕಿಯಾ. ಒಂದು ಬಾವುಟ.
ತೂಕ ಒಂದೂವರೆ ಗ್ರಾಂ.
ಹೆಸರು, ಕಾನ್‌ಸ್ಟಾನ್, ಮುಂದೆ ಮೂರು ಚುಕ್ಕಿ.

"ಬೆಲೆ?"
"ಮೂರು ಕಾಸು."

ಉಳಿದ ಅರವತ್ತೆರಡರ ಡಬ್ಬಿಯನ್ನು
ನನ್ನ ಕಡೆ ತಳ್ಳಿ ಎದ್ದ.
"ಕೂಗಿ ನೋಡು, ಯಗೋದಾ.
ಯಾರಾದರೂ ತಿರುಗಿಯಾರು."